ಜೆನಿಜಾ ಪತ್ರಗಳು ಮತ್ತು ಮಂಗಳೂರು

ಪರೀಕ್ಷೆಯಲ್ಲಿ ಯಹೂದಿ ಇತಿಹಾಸದ ಪ್ರಶ್ನೆ ಬಂದರೆ ಶಿರಾ, ಬುಕ್ಕಾಪಟ್ಟಣದ ಅಭ್ಯರ್ಥಿಗಳು ಇತಿಹಾಸಕಾರ ಜೋಸೆಫಸ್, ಮೃತ ಸಮುದ್ರದ ಸುರುಳಿಗಳನ್ನಷ್ಟೇ (ಕುಮ್ರಾನ್, 1947) ಓದಿ ನಿಲ್ಲುತ್ತಾರೆ. ಕರ್ನಾಟಕದ ನಂಟಿರುವ ಜೆನಿಜಾ ಪತ್ರಗಳನ್ನು ಬಿಡಲೇಬಾರದು.

ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಜೆನಿಜಾದಲ್ಲಿ (ಬಳಕೆ ಮುಗಿದ ಬರಹಗಳನ್ನು ಕೂಡಿಡುವ ಕೋಣೆ) ದೊರೆತ ಈ ಹಳೆಯ ಕಾಗದಗಳ ಬಹುಪಾಲನ್ನು ವಿದ್ವಾಂಸ ಸಾಲೊಮನ್ ಶೆಕ್ಟರ್ 1896–97ರಲ್ಲಿ ಕೇಂಬ್ರಿಡ್ಜ್‌ಗೆ ಸಾಗಿಸಿದರು. ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿ ಕಂಚಿನ ಕಾರ್ಖಾನೆ ನಡೆಸಿದ್ದು ಇವುಗಳಿಂದಲೇ ತಿಳಿಯುತ್ತದೆ. 1132ರಲ್ಲಿ ಅಲ್ಲೇ ಆತ ಆಶು ಎಂಬ ದಾಸಿಗೆ ಬಿಡುಗಡೆಪತ್ರ ಬರೆದುಕೊಟ್ಟ. ಮೆಣಸು, ಅಡಿಕೆ ವ್ಯಾಪಾರದ ಲೆಕ್ಕವೂ ಈ ಪತ್ರಗಳಲ್ಲಿದೆ. ಇಂಥ ವ್ಯಾಪಾರ ಪತ್ರಗಳಲ್ಲಿ ಹೆಚ್ಚಿನವುಗಳ ಲಿಪಿ ಹೀಬ್ರೂ, ಭಾಷೆ ಅರಬ್ಬಿ: ಇದನ್ನು ಗುರುತು ಹಾಕಿಕೊಳ್ಳಿ.

ಕ್ರೈಸ್ತಧರ್ಮ ಹುಟ್ಟಿದ ಕಾಲದ ಯಹೂದಿ ಪಂಥಗಳ ಅಧ್ಯಯನಕ್ಕೂ ಜೆನಿಜಾ ಮುಖ್ಯ. ಅಲ್ಲಿ ದೊರೆತು ಶೆಕ್ಟರ್ 1910ರಲ್ಲಿ ಪ್ರಕಟಿಸಿದ, ಯಹೂದಿ ಪಂಥವೊಂದರ ನಿಯಮಗಳಿರುವ ‘ದಮಾಸ್ಕಸ್ ದಾಖಲೆ’ಯ ಪ್ರತಿಗಳು ಮುಂದೆ ಕುಮ್ರಾನ್ ಗುಹೆಗಳಲ್ಲೂ ಸಿಕ್ಕವು.

ಸಂಬಂಧಿತ ಕೃತಿ: ಅಮಿತಾವ್ ಘೋಷ್, ‘ಇನ್ ಆನ್ ಆಂಟೀಕ್ ಲ್ಯಾಂಡ್’ (1992).