ಚೌಕದಿಂದ ವೃತ್ತಕ್ಕೆ

ಹಿಟ್ಟಿನ ಗಿರಣಿಯಲ್ಲಿ ಧಾನ್ಯವನ್ನು ಸುರಿಯುವ ತಗಡಿನ ಬಾಯಿಯನ್ನು ನಾವೆಲ್ಲರೂ ಕಂಡಿದ್ದೇವೆ. ಅದರ ಮೇಲಂಚು ಚೌಕ. ಕೆಳಗಡೆ ಅನೇಕ ವೇಳೆ ದುಂಡನೆಯ ಕೊಳವೆ. ಇವೆರಡರ ನಡುವಣ ತಗಡು ಚೌಕವೂ ಅಲ್ಲ, ವೃತ್ತವೂ ಅಲ್ಲ. ಹಾಗಾದರೆ ಅದರ ಆಕಾರವೇನು? ಪ್ರಶ್ನೆ ಸುಲಭವೆಂದು ತೋರಿದರೂ, ಗಣಕಯಂತ್ರದ ಮುಂದೆ ಕುಳಿತು ಇಂತಹ ವಸ್ತುವನ್ನು ರೂಪಿಸಹೊರಟ ವಿದ್ಯಾರ್ಥಿಯು ಎಡವುವುದು ಇಲ್ಲಿಯೇ.

ಯಂತ್ರಭಾಗಗಳನ್ನು ರೂಪಿಸುವ ಕ್ಯಾಡ್ ತಂತ್ರಾಂಶಗಳಲ್ಲಿ ಈ ಕೆಲಸಕ್ಕೆಂದೇ 'ಲಾಫ್ಟ್' ಎಂಬ ಆಜ್ಞೆಯುಂಟು. ಲಾಫ್ಟ್ ಎಂದರೆ ಅಟ್ಟ. ಹಿಂದೆ ಹಡಗು ಕಟ್ಟುವವರು ಅಟ್ಟದ ವಿಶಾಲವಾದ ನೆಲದ ಮೇಲೆ ಹಡಗಿನ ಒಡಲಿನ ಅಡ್ಡಕೊಯ್ತಗಳನ್ನು ನಿಜಗಾತ್ರದಲ್ಲಿ ಬರೆಯುತ್ತಿದ್ದರು. ಬಾಗುವ ತೆಳ್ಳನೆಯ ಮರದ ಪಟ್ಟಿಗಳನ್ನು ಸೀಸದ ತೂಕಗಳಿಂದ ಹಿಡಿದಿಟ್ಟು, ಅವುಗಳ ಅಂಚಿನಲ್ಲಿ ನುಣುಪಾದ ರೇಖೆಗಳನ್ನು ಎಳೆಯುತ್ತಿದ್ದರು. ಅಟ್ಟದ ಹೆಸರು ಆ ವಿದ್ಯೆಗೂ ಬಂದಿತು. ಅದು ವಿಮಾನ ಕಾರ್ಖಾನೆಗಳನ್ನು ಸೇರಿದ ಮೇಲೆ, ಅಮೆರಿಕದ ರಾಯ್ ಲೈಮಿಂಗ್ ಎಂಬವರು ಮರದ ಪಟ್ಟಿಗಳ ಸ್ಥಾನದಲ್ಲಿ ಶಂಕುಜ ವಕ್ರಗಳ ಸಮೀಕರಣಗಳನ್ನಿಟ್ಟು, 1944ರಲ್ಲಿ ಅದರ ಮೇಲೆ ಗ್ರಂಥವನ್ನೇ ಬರೆದರು. ಫ್ರಾನ್ಸಿನ ಮೋಟಾರು ಕಾರ್ಖಾನೆಗಳಲ್ಲಿ ದ ಕಾಸ್ತೆಲ್ಜೋ ಮತ್ತು ಬೆಜಿಯೆ ಮಾಡಿದ ಕೆಲಸ ಇದರ ಮುಂದಿನ ಮೆಟ್ಟಲು.

ಈಗ ಆಜ್ಞೆಯ ಒಳಗುಟ್ಟನ್ನು ನೋಡೋಣ. ಒಂದು ಸಮತಲದಲ್ಲಿ ಒಂದು ಆಕೃತಿ, ಅದಕ್ಕೆ ಸಮಾಂತರವಾದ ಸಮತಲದಲ್ಲಿ ಇನ್ನೊಂದು. ನಡುವೆ ಹೊದಿಕೆಯನ್ನು ಹೊದಿಸು ಎನ್ನುತ್ತೇವೆ. ಯಂತ್ರವು ಮೊದಲನೆಯದರ ಪ್ರತಿ ಬಿಂದುವಿಗೂ ಎರಡನೆಯದರಲ್ಲಿ ಒಂದು ಜೊತೆಯನ್ನು ಹುಡುಕಬೇಕು. ಯಾವ ಬಿಂದುವಿಗೆ ಯಾವುದು ಜೊತೆ? ಇದನ್ನು ನಾವು ಹೇಳದಿದ್ದರೆ ಅದು ತನಗೆ ತೋಚಿದಂತೆ ಊಹಿಸುತ್ತದೆ.

ಊಹೆ ತಪ್ಪಿದರೆ ಏನಾದೀತು? ಸಮನಾದ ಎರಡು ವೃತ್ತಗಳನ್ನೇ ತೆಗೆದುಕೊಳ್ಳೋಣ. ಜೊತೆಯ ಬಿಂದುಗಳನ್ನು ಸರಳರೇಖೆಗಳಿಂದ ಕೂಡಿಸಿದರೆ ದೊರೆಯಬೇಕಾದುದು ನೆಟ್ಟನೆಯ ಕೊಳವೆ. ಆದರೆ ಒಂದು ವೃತ್ತದ ಆರಂಭಬಿಂದು ಇನ್ನೊಂದರದಕ್ಕಿಂತ ಕಾಲು ಸುತ್ತು ತಿರುಗಿದ್ದರೆ, ಎಲ್ಲ ರೇಖೆಗಳೂ ಓರೆಯಾಗಿ ನಡುವು ಡಮರುವಿನಂತೆ ಸಣ್ಣದಾಗುತ್ತದೆ. ನಡುವಿನ ತ್ರಿಜ್ಯ ಮೂಲದ 0.707 ಪಾಲು, ಕ್ಷೇತ್ರಫಲವೋ ಸರಿಯಾಗಿ ಅರ್ಧ! ಎರಡು ಬಾಯಿಗಳನ್ನು ಮಾತ್ರ ಅಳೆದು ನೋಡಿದವನಿಗೆ ಈ ದೋಷ ಕಾಣುವುದೇ ಇಲ್ಲ.

ಚೌಕ ಮತ್ತು ವೃತ್ತಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಚೌಕಕ್ಕೆ ನಾಲ್ಕು ಮೂಲೆಗಳುಂಟು, ವೃತ್ತಕ್ಕೆ ಒಂದೂ ಇಲ್ಲ. ವೃತ್ತವನ್ನು ನಾಲ್ಕು ಕಂಸಗಳಾಗಿ ಒಡೆದು, ಒಂದೊಂದು ಭುಜಕ್ಕೆ ಒಂದೊಂದು ಕಂಸವನ್ನು ಜೊತೆಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಪರದೆಯ ಮೇಲೆ ಅದು ಸುಂದರವಾಗಿಯೇ ಕಾಣುತ್ತದೆ. ಆದರೆ ಆ ಚಿತ್ರವನ್ನು ತಗಡಿನ ಕೆಲಸದವನಿಗೆ ಕೊಟ್ಟರೆ ಅವನು ಕೈಚೆಲ್ಲುತ್ತಾನೆ; ಏಕೆಂದರೆ ಆ ಮೇಲ್ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ ಚಪ್ಪಟೆಯಾಗಿ ಬಿಡಿಸಲು ಬಾರದು. ಸಮಾಂತರ ಸಮತಲಗಳ ನಡುವಣ ಹೊದಿಕೆ ಹಾಗೆ ಬಿಡಿಸಿಕೊಳ್ಳಬೇಕಾದರೆ, ಜೊತೆಯಾದ ಎರಡು ಬಿಂದುಗಳಲ್ಲಿನ ಸ್ಪರ್ಶರೇಖೆಗಳು ಸಮಾಂತರವಾಗಿರಬೇಕು. ಭುಜದ ದಿಕ್ಕು ಬದಲಾಗದು, ಕಂಸದ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಅವು ಹೊಂದುವುದೆಂತು?

ತಗಡಿನವನ ಹಳೆಯ ದಾರಿ ಬೇರೆ. ಅವನು ಇಡೀ ಭುಜವನ್ನು ಅದರ ಎದುರಿಗಿರುವ ವೃತ್ತದ ಒಂದೇ ಬಿಂದುವಿಗೆ ಕೂಡಿಸುತ್ತಾನೆ: ಅಲ್ಲಿ ದೊರೆಯುವುದು ಚಪ್ಪಟೆಯಾದ ತ್ರಿಕೋನ. ಒಂದು ಮೂಲೆಯನ್ನು ವೃತ್ತದ ಕಾಲುಭಾಗದ ಎಲ್ಲ ಬಿಂದುಗಳಿಗೂ ಕೂಡಿಸುತ್ತಾನೆ: ಅಲ್ಲಿ ಓರೆಯಾದ ಶಂಕುವಿನ ತುಣುಕು. ನಾಲ್ಕು ತ್ರಿಕೋನ, ನಾಲ್ಕು ಶಂಕುಖಂಡ. ಎಂಟೂ ಚಪ್ಪಟೆ ತಗಡಿನಿಂದಲೇ ಬಗ್ಗುತ್ತವೆ.

ಇದನ್ನು ತಂತ್ರಾಂಶಕ್ಕೆ ತಿಳಿಸುವುದು ಹೇಗೆ? ಉಚಿತವಾಗಿ ದೊರೆಯುವ ಫ್ರೀಕ್ಯಾಡಿನಲ್ಲಿ ಹೀಗೆ ಮಾಡಬಹುದು. ಚೌಕದ ಮೂಲೆಗಳನ್ನು 1 ಮಿ.ಮೀ. ತ್ರಿಜ್ಯದಿಂದ ದುಂಡಾಗಿಸಬೇಕು. ವೃತ್ತವನ್ನು ನಾಲ್ಕು ಕಂಸಗಳಾಗಿ ಬಿಡಿಸಿ, ಪ್ರತಿ ಭುಜದ ನಡುವಿಗೆ ಎದುರಾಗಿ 1 ಮಿ.ಮೀ. ಉದ್ದದ ಸರಳರೇಖೆಯನ್ನು ಸೇರಿಸಬೇಕು. ಎರಡರಲ್ಲಿಯೂ ಎಂಟೆಂಟು ತುಂಡುಗಳಾದವು. ಎರಡನ್ನೂ ಒಂದೇ ದಿಕ್ಕಿನಿಂದ ಆರಂಭಿಸಿ, ಸರಳರೇಖೆಗಳಿಂದಲೇ ಕೂಡಿಸುವ 'ರೂಲ್ಡ್' ಆಯ್ಕೆಯನ್ನು ಒಪ್ಪಿ ಲಾಫ್ಟ್ ಮಾಡಿದರೆ, ತಗಡಿನವನ ಆಕಾರವೇ ಮೂಡುತ್ತದೆ.

ಒಂದು ಎಚ್ಚರಿಕೆಯುಂಟು. ಚೌಕದ ಭುಜ 400 ಮಿ.ಮೀ. ಇರಲಿ. ಅಷ್ಟೇ ಕ್ಷೇತ್ರಫಲದ ವೃತ್ತಕ್ಕೆ ವ್ಯಾಸ 451.4 ಮಿ.ಮೀ. ಬೇಕು. ಎರಡು ಬಾಯಿಗಳೂ ಸಮನಾದ ಮೇಲೆ ನಡುವೂ ಸಮನೆಂದು ನಾವು ನಂಬಬಹುದು. ಆದರೆ ಸರಿಯಾದ ಅರ್ಧದಲ್ಲಿ ಕೊಯ್ದರೆ ದೊರೆಯುವುದು ಮೂಲೆ ದುಂಡಾದ ಚೌಕ. ಅದರ ಅಗಲ 425.7, ಮೂಲೆಯ ತ್ರಿಜ್ಯ 112.8 ಮಿ.ಮೀ. ಕ್ಷೇತ್ರಫಲ ಬಾಯಿಗಳಿಗಿಂತ ನೂರಕ್ಕೆ 6.4ರಷ್ಟು ಹೆಚ್ಚು! ಮನೆಯ ಗಾಳಿಕೊಳವೆಗೆ ಇದು ಲೆಕ್ಕಕ್ಕಿಲ್ಲ. ಪ್ರವಾಹದ ವೇಗವನ್ನು ಸಮನಾಗಿ ಇಡಬೇಕಾದಲ್ಲಿ ಮಾತ್ರ ನಡುವೆ ಮೂರನೆಯ ಆಕೃತಿಯನ್ನು ಇಟ್ಟು ತಿದ್ದಬೇಕಾಗುತ್ತದೆ.

ನಡುವೆ ಮೂರನೆಯ ಆಕೃತಿಯನ್ನಿಡುವ ಯುಕ್ತಿ ಹೊಸದೇನಲ್ಲ. ವಿಜಯಪುರದ ಗೋಳಗುಮ್ಮಟದ ಶಿಲ್ಪಿಗಳ ಮುಂದೆಯೂ ಇದೇ ಸಮಸ್ಯೆಯಿತ್ತು: ಕೆಳಗೆ ಚೌಕವಾದ ಅಂಗಣ, ಮೇಲೆ ದುಂಡಾದ ಗುಮ್ಮಟ. ಅವರು ಒಂದನ್ನೊಂದು ಹಾಯುವ ಎಂಟು ಕಮಾನುಗಳನ್ನೆಬ್ಬಿಸಿ, ಚೌಕವನ್ನು ಅಷ್ಟಕೋನದ ಮೂಲಕ ವೃತ್ತಕ್ಕೆ ಒಯ್ದರು.

ನಮ್ಮ ಕೊಳವೆಗೆ ಮರಳೋಣ. ಎತ್ತರ 300 ಮಿ.ಮೀ. ಆಗಿದ್ದರೆ, ತ್ರಿಕೋನದ ಓರೆ ಅಂಚು ಪೈಥಾಗೊರಸನ ಪ್ರಮೇಯದಂತೆ ಸುಮಾರು 361 ಮಿ.ಮೀ. ಬರಬೇಕು. ತಂತ್ರಾಂಶದ ಅಳತೆಯ ಸಾಧನದಿಂದ ಎಂಟು ಅಂಚುಗಳನ್ನೂ ಅಳೆಯಿರಿ. ಒಂದಾದರೂ ಬಹಳ ಬೇರೆಯಾದರೆ ಜೊತೆ ತಪ್ಪಿದೆಯೆಂದೇ ತಿಳಿದು, ಆರಂಭಬಿಂದುಗಳನ್ನು ಮತ್ತೊಮ್ಮೆ ನೋಡಿರಿ.