ಗುಣವಾದದ್ದು ಔಷಧಿಯಿಂದಲೋ, ಆಕಸ್ಮಿಕದಿಂದಲೋ?
(ಸಂಖ್ಯಾಶಾಸ್ತ್ರದ ಒಂದು ಪ್ರಾಥಮಿಕ ಪಾಠ)

ಯಾವುದೋ ಒಂದು ಔಷಧಿಯನ್ನು ಸೇವಿಸಿದ ಮೂವರು ರೋಗಿಗಳು ಗುಣ ಹೊಂದಿದರೆಂಬ ಸುದ್ದಿ ಹಬ್ಬಿದೊಡನೆ, ಅದೇ ಔಷಧಿಯನ್ನು ಅರಸಿಕೊಂಡು ಹೊರಡುವವರು ಹಲವರುಂಟು. ಅವರನ್ನು ಹಾಸ್ಯ ಮಾಡುವುದು ಸಲ್ಲದು. ಕಾಯಿಲೆ ಹೊಕ್ಕ ಮನೆಯಲ್ಲಿ ಮನಸ್ಸು ಆಶೆಗೆ ಬೇಗನೆ ಒಲಿಯುತ್ತದೆ. ಆದರೆ ಆ ಮೂವರು ಔಷಧಿಯಿಲ್ಲದೆಯೂ ಗುಣ ಹೊಂದುತ್ತಿದ್ದರೇನು ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕು. ಆ ಪ್ರಶ್ನೆಗೆ ಅಳತೆಯುಳ್ಳ ಉತ್ತರವನ್ನು ಕೊಡುವ ವಿದ್ಯೆಯೇ ಸಂಖ್ಯಾಶಾಸ್ತ್ರ.

1. ಸಂಭವನೀಯತೆ

ಒಂದು ಕಾಯಿಲೆಯಲ್ಲಿ ಯಾವ ಚಿಕಿತ್ಸೆಯೂ ಇಲ್ಲದೆ ಅರ್ಧದಷ್ಟು ರೋಗಿಗಳು ತಾವಾಗಿಯೇ ಗುಣ ಹೊಂದುತ್ತಾರೆಂದು ಭಾವಿಸೋಣ. ಅಂದರೆ ಒಬ್ಬ ರೋಗಿ ಗುಣವಾಗುವ ಸಂಭವನೀಯತೆ 1/2. ಮೂವರೂ ಗುಣವಾಗುವ ಸಂಭವನೀಯತೆ 1/2 × 1/2 × 1/2, ಎಂದರೆ 1/8. ಊರಿನಲ್ಲಿ ಯಾವ ಗುಣವೂ ಇಲ್ಲದ ಎಂಟು ಔಷಧಿಗಳಿದ್ದು, ಒಂದೊಂದನ್ನೂ ಮೂವರಿಗೆ ಕೊಟ್ಟರೆ, ಸರಾಸರಿಯಲ್ಲಿ ಒಂದು ಔಷಧಿಗೆ ‘ಮೂವರಲ್ಲಿ ಮೂವರನ್ನೂ ಉಳಿಸಿತು’ ಎಂಬ ಕೀರ್ತಿ ಪ್ರಾಪ್ತವಾಗುತ್ತದೆ. ಉಳಿದ ಏಳನ್ನು ಜನ ಮರೆಯುತ್ತಾರೆ. ಆದರೆ ಹತ್ತು ಮಂದಿಗೆ ಕೊಟ್ಟು ಹತ್ತು ಮಂದಿಯೂ ಗುಣವಾದರೆ ಮಾತು ಬೇರೆ. ಆಕಸ್ಮಿಕವಾಗಿ ಹಾಗಾಗುವ ಸಂಭವನೀಯತೆ 1/1024 ಮಾತ್ರ.

2. ಶೂನ್ಯ ಕಲ್ಪನೆಯ ಪರೀಕ್ಷೆ

ಈ ವಿಚಾರಸರಣಿಯನ್ನು ನಿಜವಾದ ರೋಗಿಗಳ ವಿಷಯದಲ್ಲಿ ಅನ್ವಯಿಸಿದ ಪ್ರಸಿದ್ಧ ಪ್ರಯೋಗವೊಂದು 1947ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಯಿತು. ಆಗ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧಿ ಕ್ಷಯರೋಗಕ್ಕೆ ಬಂದಿತ್ತು. ಆದರೆ ದೊರೆಯುತ್ತಿದ್ದ ಪ್ರಮಾಣ ಅತ್ಯಲ್ಪ. ಸಂಖ್ಯಾಶಾಸ್ತ್ರಜ್ಞ ಬ್ರ್ಯಾಡ್‌ಫರ್ಡ್ ಹಿಲ್ ಅವರ ಯೋಜನೆಯಂತೆ, ಯಾವ ರೋಗಿಗೆ ಔಷಧಿ, ಯಾರಿಗೆ ಹಾಸಿಗೆಯ ವಿಶ್ರಾಂತಿ ಮಾತ್ರ ಎಂಬುದನ್ನು ವೈದ್ಯರ ಇಚ್ಛೆಗೆ ಬಿಡದೆ, ಯಾದೃಚ್ಛಿಕ ಸಂಖ್ಯೆಗಳ ಆಧಾರದಿಂದ ಸಿದ್ಧಪಡಿಸಿ ಮುದ್ರೆಯೊತ್ತಿದ ಲಕೋಟೆಗಳ ಮೂಲಕ ನಿರ್ಧರಿಸಲಾಯಿತು. ಹೀಗೆ ಮಾಡಿದ್ದರಿಂದ, ಸುಧಾರಿಸುವ ಲಕ್ಷಣವುಳ್ಳವರನ್ನೇ ಆರಿಸಿ ಔಷಧಿ ಕೊಡುವ ಪಕ್ಷಪಾತಕ್ಕೆ ಎಡೆಯಿಲ್ಲದಂತಾಯಿತು.

ಆರು ತಿಂಗಳ ಕೊನೆಯಲ್ಲಿ ಔಷಧಿ ಪಡೆದ 55 ಮಂದಿಯಲ್ಲಿ 4 ಮಂದಿಯೂ, ವಿಶ್ರಾಂತಿ ಮಾತ್ರ ಪಡೆದ 52 ಮಂದಿಯಲ್ಲಿ 14 ಮಂದಿಯೂ ಮೃತರಾಗಿದ್ದರು. ಶೇಕಡಾವಾರು ಹೇಳುವುದಾದರೆ 7.3 ಮತ್ತು 26.9, ಅಂತರ 19.6.

ಇಲ್ಲಿ ಪರೀಕ್ಷಕನು ನ್ಯಾಯಾಧೀಶನಂತೆ ವರ್ತಿಸುತ್ತಾನೆ. ಅಪರಾಧ ಸಿದ್ಧವಾಗುವವರೆಗೆ ಆಪಾದಿತನನ್ನು ನಿರಪರಾಧಿಯೆಂದು ಎಣಿಸುವಂತೆ, ‘ಔಷಧಿಗೆ ಯಾವ ಗುಣವೂ ಇಲ್ಲ; ಅಂತರವೆಲ್ಲ ಆಕಸ್ಮಿಕ’ ಎಂದು ಮೊದಲು ಊಹಿಸಲಾಗುತ್ತದೆ. ಇದೇ ಶೂನ್ಯ ಕಲ್ಪನೆ. ಇದು ನಿಜವಾಗಿದ್ದಲ್ಲಿ ಎರಡೂ ಗುಂಪುಗಳ ಮರಣ ಪ್ರಮಾಣ ಒಂದೇ ಆಗಿರಬೇಕು: ಒಟ್ಟು 107ರಲ್ಲಿ 18, ಅಂದರೆ 0.168. ಬದುಕಿದವರ ಪ್ರಮಾಣ 0.832. ಈ ಎರಡನ್ನೂ ಗುಣಿಸಿ, ಬಂದದ್ದನ್ನು (1/55 + 1/52)ರಿಂದ ಗುಣಿಸಿ ವರ್ಗಮೂಲವನ್ನು ತೆಗೆದರೆ 0.072 ದೊರೆಯುತ್ತದೆ. ಅಂತರವು ಆಕಸ್ಮಿಕವಾಗಿ ಎಷ್ಟು ಓಲಾಡಬಹುದೆಂಬುದನ್ನು ತಿಳಿಸುವ ಈ ಅಳತೆಗೆ ಮಾನಕ ದೋಷವೆಂದು ಹೆಸರು.

ಕಂಡುಬಂದ ಅಂತರವಾದ 0.196ನ್ನು 0.072ರಿಂದ ಭಾಗಿಸಿದರೆ 2.7. ಆಕಸ್ಮಿಕ ಕಾರಣದಿಂದ ಅಂತರವು ಮಾನಕ ದೋಷದ 1.96 ಪಟ್ಟನ್ನು ಮೀರುವುದು ನೂರರಲ್ಲಿ ಐದು ಸಲ, 2.58 ಪಟ್ಟನ್ನು ಮೀರುವುದು ನೂರರಲ್ಲಿ ಒಂದೇ ಸಲ. ಇಲ್ಲಿ ಅದನ್ನೂ ಮೀರಿರುವುದರಿಂದ ಶೂನ್ಯ ಕಲ್ಪನೆಯನ್ನು ತಿರಸ್ಕರಿಸಬಹುದು.

ಒಂದು ಎಚ್ಚರಿಕೆ ಅಗತ್ಯ. ‘ಔಷಧಿ ನಿಷ್ಪ್ರಯೋಜಕವಾಗಿರುವ ಸಂಭವ ನೂರಕ್ಕೆ ಒಂದು’ ಎಂದು ಇದನ್ನು ಅರ್ಥೈಸುವುದು ತಪ್ಪು. ‘ಔಷಧಿ ನಿಷ್ಪ್ರಯೋಜಕವಾಗಿದ್ದಿದ್ದರೆ ಇಷ್ಟು ದೊಡ್ಡ ಅಂತರ ಕಾಣುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಮೆ’ ಎಂಬುದಷ್ಟೇ ಸರಿಯಾದ ಅರ್ಥ.

3. ವಿಶ್ವಾಸಾಂತರ

ಅಂತರವಿದೆಯೆಂದು ತಿಳಿದರೆ ಸಾಲದು. ಅದು ಎಷ್ಟೆಂಬುದೂ ತಿಳಿಯಬೇಕು. 107 ರೋಗಿಗಳಲ್ಲಿ ಕಂಡ ಶೇಕಡಾ 19.6 ಎಂಬುದು ಒಂದು ಅಂದಾಜು ಮಾತ್ರ. ಎರಡೂ ಗುಂಪುಗಳ ಪ್ರಮಾಣಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡು ಲೆಕ್ಕ ಹಾಕಿದರೆ ಮಾನಕ ದೋಷ ಶೇಕಡಾ 7.1, ಅದರ 1.96 ಪಟ್ಟು ಸುಮಾರು 14. ಆದುದರಿಂದ ನಿಜವಾದ ಅಂತರವು ಶೇಕಡಾ 6ರಿಂದ 34ರ ನಡುವೆ ಇರಬಹುದು. ಇದು ಶೇಕಡಾ 95ರ ವಿಶ್ವಾಸಾಂತರ. ಇದೇ ವಿಧಾನವನ್ನು ಮತ್ತೆ ಮತ್ತೆ ಅನುಸರಿಸಿದರೆ ನೂರರಲ್ಲಿ ಸುಮಾರು 95 ಬಾರಿ ನಿಜವಾದ ಬೆಲೆ ಇಂಥ ಎಲ್ಲೆಗಳ ಒಳಗೆ ಬೀಳುತ್ತದೆ. ರೋಗಿಗಳ ಸಂಖ್ಯೆ ನಾಲ್ಕು ಪಟ್ಟಾದರೆ ಈ ಹರವು ಅರ್ಧಕ್ಕೆ ಇಳಿಯುತ್ತದೆ. ಅಂದಾಜಿನ ದೋಷವನ್ನು ಒಂದು ಮಿತಿಗಿಂತ ಕೆಳಕ್ಕೆ ಇಳಿಸಲಾಗದೆಂಬುದನ್ನು 1945ರಲ್ಲಿ ತೋರಿಸಿಕೊಟ್ಟವರಲ್ಲಿ ಹೂವಿನಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್ ಅವರೂ ಒಬ್ಬರೆಂಬುದು ಕನ್ನಡ ನಾಡಿಗೆ ಹೆಮ್ಮೆಯ ಸಂಗತಿ.

ಸ್ಟ್ರೆಪ್ಟೊಮೈಸಿನ್‌ನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಐದು ವರ್ಷಗಳ ಬಳಿಕ ನೋಡಿದಾಗ ಔಷಧಿ ಪಡೆದ 55 ಮಂದಿಯಲ್ಲಿ 32 ಮಂದಿ, ಪಡೆಯದ 52 ಮಂದಿಯಲ್ಲಿ 35 ಮಂದಿ ಗತಿಸಿದ್ದರು. ಈ ಅಂತರ ಮಾನಕ ದೋಷದ ಒಂದು ಪಟ್ಟಿನಷ್ಟೂ ಇಲ್ಲ. ಒಂದೇ ಔಷಧಿಯನ್ನು ಬಳಸಿದಾಗ ಕ್ಷಯದ ಕ್ರಿಮಿಗಳು ಅದನ್ನು ಎದುರಿಸಿ ನಿಲ್ಲುವ ಶಕ್ತಿಯನ್ನು ಪಡೆದುಕೊಂಡಿದ್ದವು. ಆರು ತಿಂಗಳ ಲೆಕ್ಕ ಸುಳ್ಳಾಗಿರಲಿಲ್ಲ. ಅದು ಆರು ತಿಂಗಳಿಗಷ್ಟೇ ಉತ್ತರವಾಗಿತ್ತು. ಎರಡು ಅಥವಾ ಹೆಚ್ಚು ಔಷಧಿಗಳನ್ನು ಒಟ್ಟಿಗೆ ಕೊಡುವ ಪದ್ಧತಿಗೆ ಇಂಥ ಅನುಭವವೇ ದಾರಿ ಮಾಡಿತು.

4. ಮದರಾಸಿನ ಪ್ರಶ್ನೆ

1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರದ ಮುಂದೆ ಇನ್ನೊಂದು ಬಗೆಯ ಪ್ರಶ್ನೆಯಿತ್ತು. ಆ ಕೇಂದ್ರವೇ ಇಂದು ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನ ಸಂಸ್ಥೆ. ಆಗ ಕ್ಷಯರೋಗಿಗೆ ಆರೋಗ್ಯಧಾಮವೇ ಗತಿಯೆಂಬ ನಂಬಿಕೆಯಿತ್ತು. ಆದರೆ ದೇಶದಲ್ಲಿದ್ದ ಹಾಸಿಗೆಗಳು ರೋಗಿಗಳ ಸಂಖ್ಯೆಗೆ ಏನೇನೂ ಸಾಲುತ್ತಿರಲಿಲ್ಲ. ಬಡವರ ಇಕ್ಕಟ್ಟಾದ ಮನೆಗಳಲ್ಲಿಯೇ ಐಸೊನಯಾಜಿಡ್ ಮತ್ತು ಪಾಸ್ ಔಷಧಿಗಳನ್ನು ಒಂದು ವರ್ಷ ಕೊಟ್ಟರೆ ಸಾಕಾದೀತೇ?

ಇಲ್ಲಿಯೂ ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಲಾಯಿತು. 1959ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವರ್ಷದ ಕೊನೆಯಲ್ಲಿ ರೋಗ ಶಮನಗೊಂಡವರು ಮನೆಯಲ್ಲಿ ಶೇಕಡಾ 86, ಆರೋಗ್ಯಧಾಮದಲ್ಲಿ ಶೇಕಡಾ 92. ಲೆಕ್ಕದ ಅನುಕೂಲಕ್ಕಾಗಿ ಗುಂಪಿಗೆ 80 ಮಂದಿಯೆಂದು ಹಿಡಿದರೆ, 6ರ ಈ ಅಂತರಕ್ಕೆ ಮಾನಕ ದೋಷ ಸುಮಾರು 5. ಆದುದರಿಂದ ಶೂನ್ಯ ಕಲ್ಪನೆಯನ್ನು ತಿರಸ್ಕರಿಸಲಾಗದು.

ಹಾಗಾದರೆ ಎರಡು ಚಿಕಿತ್ಸೆಗಳೂ ಸಮಾನವೆಂದು ಸಿದ್ಧವಾಯಿತೇ? ಇಲ್ಲ. ವಿಶ್ವಾಸಾಂತರವು ಸೊನ್ನೆಯಿಂದ ಕೆಳಗೆ 4ರಿಂದ ಹಿಡಿದು ಮೇಲೆ 16ರವರೆಗೆ ಹರಡಿದೆ. ಆರೋಗ್ಯಧಾಮವು ನೂರರಲ್ಲಿ ಹದಿನಾರು ಮಂದಿಯಷ್ಟು ಮೇಲಾಗಿರುವುದೂ ಅಸಂಭವವಲ್ಲ. ಸಾಕ್ಷ್ಯ ಸಾಲದೆ ಬಿಡುಗಡೆಯಾದವನು ನಿರಪರಾಧಿಯೆಂದು ಸಿದ್ಧವಾದಂತೆ ಆಗುವುದಿಲ್ಲವಷ್ಟೆ. ಆದಕಾರಣ ಸಂಶೋಧಕರು ಅಷ್ಟಕ್ಕೇ ನಿಲ್ಲಲಿಲ್ಲ. ರೋಗಿಯ ಮನೆಮಂದಿಯನ್ನು ಪರೀಕ್ಷಿಸಿದರು. ಮನೆಯಲ್ಲಿ ಚಿಕಿತ್ಸೆ ನಡೆದುದರಿಂದ ಅವರಿಗೆ ಹೆಚ್ಚಿನ ಅಪಾಯ ಕಂಡುಬರಲಿಲ್ಲ. ಐದು ವರ್ಷ ರೋಗಿಗಳನ್ನು ಅನುಸರಿಸಿದರು. ರೋಗ ಮರುಕಳಿಸುವುದು ಎರಡೂ ಗುಂಪುಗಳಲ್ಲಿ ವಿರಳವಾಗಿತ್ತು. ಈ ಎಲ್ಲ ಸಾಕ್ಷ್ಯವೂ ಒಟ್ಟುಗೂಡಿದಾಗ ಮನೆಯ ಚಿಕಿತ್ಸೆಗೆ ಮನ್ನಣೆ ದೊರೆಯಿತು. 1962ರಲ್ಲಿ ಆರಂಭವಾದ ಭಾರತದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಈ ತಳಹದಿಯ ಮೇಲೆಯೇ ನಿಂತಿತು. ಹಾಸಿಗೆ ದೊರೆಯದೆ ಹಿಂದಿರುಗಬೇಕಾಗಿದ್ದ ಅಸಂಖ್ಯ ಬಡವರಿಗೆ ಚಿಕಿತ್ಸೆಯ ಬಾಗಿಲು ತೆರೆಯಿತು.

5. ಅಭ್ಯಾಸ

ಅಮೆರಿಕದಲ್ಲಿ 1954ರಲ್ಲಿ ಸಾಲ್ಕ್ ಪೋಲಿಯೊ ಲಸಿಕೆಯನ್ನು ಪಡೆದ 2,00,745 ಮಕ್ಕಳಲ್ಲಿ 33 ಮಕ್ಕಳಿಗೂ, ಲಸಿಕೆಯನ್ನು ಹೋಲುವ ನಿರೌಷಧ ದ್ರವವನ್ನು ಪಡೆದ 2,01,229 ಮಕ್ಕಳಲ್ಲಿ 115 ಮಕ್ಕಳಿಗೂ ಪೋಲಿಯೊ ಪಾರ್ಶ್ವವಾಯು ತಗುಲಿತು. ಈ ಅಂತರ ಆಕಸ್ಮಿಕವೇ? ಇಷ್ಟೊಂದು ಮಕ್ಕಳು ಏಕೆ ಬೇಕಾದರು?

ಉತ್ತರ: ಲಕ್ಷಕ್ಕೆ 16 ಮತ್ತು 57, ಅಂತರ 41, ಮಾನಕ ದೋಷ 6. ಅಂತರವು ಅದರ ಆರು ಪಟ್ಟಿಗೂ ಮಿಗಿಲಾದುದರಿಂದ ಆಕಸ್ಮಿಕವೆನ್ನಲಾಗದು. ಈ ರೋಗ ವಿರಳವಾದುದರಿಂದ, ಲಸಿಕೆಯಿಲ್ಲದ ಎರಡು ಸಾವಿರ ಮಕ್ಕಳಲ್ಲಿ ನಿರೀಕ್ಷಿಸಬಹುದಾದದ್ದು ಸುಮಾರು ಒಂದೇ ಪ್ರಕರಣ. ಅಷ್ಟರಿಂದ ಯಾವ ತೀರ್ಮಾನವೂ ಸಾಧ್ಯವಾಗುತ್ತಿರಲಿಲ್ಲ.

ಹೊಸ ಔಷಧಿಯ ವಾರ್ತೆಯನ್ನು ಓದುವಾಗ ಪ್ರತಿಯೊಬ್ಬ ಗೃಹಸ್ಥನೂ ಗೃಹಿಣಿಯೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು: ಯಾರೊಡನೆ ಹೋಲಿಸಿದರು? ಎಷ್ಟು ಮಂದಿಯಲ್ಲಿ ನೋಡಿದರು? ಎಷ್ಟು ಕಾಲ ನೋಡಿದರು? ಈ ಮೂರಕ್ಕೂ ಉತ್ತರ ದೊರೆಯದಿದ್ದಲ್ಲಿ, ನಡೆಯುತ್ತಿರುವ ಚಿಕಿತ್ಸೆಯನ್ನು ಬಿಟ್ಟು ಹೊಸದರ ಬೆನ್ನು ಹತ್ತದಿರುವುದೇ ಲೇಸು.