ಪೊಟ್ಟಣದ ಮೇಲಣ ತಾರೀಖನ್ನು ಎಷ್ಟರ ಮಟ್ಟಿಗೆ ನಂಬಬೇಕು?

ಬಸವಕಲ್ಯಾಣ ತಾಲೂಕಿನ ಮೋರಖಂಡಿಯೆಂಬ ಗ್ರಾಮವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ರಾಷ್ಟ್ರಕೂಟರ ಮಯೂರಖಂಡಿಯು ಇದೇ ಎಂದು ಕೆಲವು ಪಂಡಿತರು ಹೇಳುವುದುಂಟು; ಆದರೆ ನಾವು ಈಗ ಹೇಳಹೊರಟದ್ದು ರಾಜರ ಸಂಗತಿಯಲ್ಲ, ಅಲ್ಲಿಯ ಒಂದು ಅಡಿಗೆಮನೆಯ ಸಂಗತಿ. ನಮ್ಮಲ್ಲಿ ಓದಿ ಹೋದ ಒಬ್ಬಾಕೆಯ ಮನೆಗೆ ಬೇಸಿಗೆಯಲ್ಲಿ ನಾವು ಹೋಗಿದ್ದಾಗ ಅತ್ತೆಗೂ ಸೊಸೆಗೂ ಸಣ್ಣದೊಂದು ವಾದವು ನಡೆಯುತ್ತಿತ್ತು. ಸೊಸೆಯು ಶಾವಿಗೆಯ ಪೊಟ್ಟಣವನ್ನು ತಿಪ್ಪೆಗೆ ಹಾಕಲು ತೆಗೆದಿದ್ದಳು. ಅದರ ತಾರೀಖು ಕಳೆದು ಹನ್ನೆರಡು ದಿನಗಳಾಗಿದ್ದವು.

"ಹುಳಾ ಇಲ್ಲ, ವಾಸನಿ ಇಲ್ಲ. ರೊಕ್ಕಾ ಕೊಟ್ಟು ತಂದದ್ದು ಯಾಕ ಚೆಲ್ಲತಿ?" ಎಂದರು ಅತ್ತೆ.

"ತಾರೀಖ ಮುಗದದರಿ ಅತ್ತಿ" ಎಂದಳು ಸೊಸೆ.

ಅದೇ ಹೊತ್ತಿನಲ್ಲಿ, ಬೆಳಿಗ್ಗೆ ಮಾಡಿದ ಅನ್ನವು ರಾತ್ರಿಯ ಊಟಕ್ಕಾಗಿ ಒಲೆಯ ಬದಿಯಲ್ಲಿ ಮುಚ್ಚಿಟ್ಟಿದ್ದಿತು. ಗೂಡಿನಲ್ಲಿದ್ದ ಕೂಸಿನ ಹಾಲಿನ ಪುಡಿಯ ಡಬ್ಬಿಯನ್ನು ತೆರೆದು ಎರಡು ತಿಂಗಳಾಗಿದ್ದವು. ಒಳಗಿನ ಚಮಚವು ಒದ್ದೆಯಾಗಿತ್ತು. ಇವುಗಳ ವಿಷಯದಲ್ಲಿ ಇಬ್ಬರಿಗೂ ವಾದವಿರಲಿಲ್ಲ. ಅನ್ನಕ್ಕೆ ತಾರೀಖೇ ಇಲ್ಲ. ಡಬ್ಬಿಯ ಮೇಲೆ ಮುಂದಿನ ವರ್ಷದ ತಾರೀಖು ಇದೆ. ಆದರೆ ಈ ಮೂರರಲ್ಲಿ ಆ ಮನೆಯ ಕೂಸಿಗೆ ಅಪಾಯವನ್ನು ತರಬಹುದಾದ ಪದಾರ್ಥವು ಶಾವಿಗೆಯಾಗಿರಲಿಲ್ಲ.

ಹೀಗಿರಲಾಗಿ, ಈ ತಾರೀಖು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಸ್ವಲ್ಪ ವಿಚಾರಿಸುವುದು ಅವಶ್ಯವಾಗಿದೆ. ನಮ್ಮ ದೇಶದಲ್ಲಿ ೨೦೦೬ನೆಯ ಇಸವಿಯ ಆಹಾರ ಸುರಕ್ಷತಾ ಕಾಯಿದೆಯ ಕೆಳಗೆ ೨೦೨೦ರಲ್ಲಿ ಹೊರಟ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ತಯಾರಿಸಿದ ಅಥವಾ ಕಟ್ಟಿದ ತಾರೀಖನ್ನೂ, ಬಳಕೆಯ ಕೊನೆಯ ತಾರೀಖನ್ನೂ ಮುದ್ರಿಸತಕ್ಕದ್ದು. ಈ ಕೊನೆಯ ತಾರೀಖು 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ಎಂಬ ಮಾತುಗಳಿಂದ ಗುರುತಾಗುತ್ತದೆ. ಅದು ಕಳೆದ ಮೇಲೆ ಪದಾರ್ಥದ ಗುಣವನ್ನೂ ಕ್ಷೇಮವನ್ನೂ ನೆಚ್ಚುವಂತಿಲ್ಲ. ವರ್ತಕನು ಅದನ್ನು ಮಾರಲೂ ಕೂಡದು. 'ಬೆಸ್ಟ್ ಬಿಫೋರ್' ಎಂಬ ಮಾತು ಬೇರೆ. ಅದು ರುಚಿ, ಗರಿಗರಿ, ಪರಿಮಳಗಳಿಗೆ ಸಂಬಂಧಪಟ್ಟದ್ದು. ಆ ದಿನ ಕಳೆದ ಮೇಲೆಯೂ ಪದಾರ್ಥವು ತಿನ್ನಲು ಯೋಗ್ಯವಾಗಿರಬಹುದೆಂದು ಆ ನಿಯಮಗಳೇ ಒಪ್ಪುತ್ತವೆ. ಅತ್ತೆಸೊಸೆಯರು ಜಗ್ಗಾಡುತ್ತಿದ್ದ ಶಾವಿಗೆಯ ಮೇಲಿದ್ದದ್ದು ಈ ಎರಡನೆಯ ಮಾತು.

ಇಲ್ಲಿ ಒಂದು ಸಂಗತಿಯು ನಮಗೆ ಸರಿದೋರುವುದಿಲ್ಲ. ಈ ವಿವರಗಳು ಇಂಗ್ಲೀಷಿನಲ್ಲಿಯೋ ದೇವನಾಗರಿಯ ಹಿಂದಿಯಲ್ಲಿಯೋ ಇದ್ದರೆ ಸಾಕು. ಕನ್ನಡವು ತಯಾರಿಸುವವನ ಇಚ್ಛೆಗೆ ಬಿಟ್ಟದ್ದು. ಬೀದರ ಜಿಲ್ಲೆಯಲ್ಲಿ ಮರಾಠಿಯನ್ನು ಬಲ್ಲವರು ದೇವನಾಗರಿಯನ್ನು ಹೇಗೋ ಓದಿಕೊಂಡಾರು; ಕನ್ನಡವನ್ನೋ ಉರ್ದುವನ್ನೋ ಮಾತ್ರ ಕಲಿತ ತಾಯಿಯು ಏನು ಮಾಡಬೇಕು? ಅಲ್ಲದೆ, ಕೆಲವು ಪೊಟ್ಟಣಗಳಲ್ಲಿ ದಿನವನ್ನೇ ಹೇಳದೆ 'ತಯಾರಿಸಿದಂದಿನಿಂದ ಆರು ತಿಂಗಳು' ಎಂದಿರುತ್ತದೆ. ತಯಾರಿಸಿದ ದಿನವನ್ನು ಇನ್ನೊಂದು ಮೂಲೆಯಲ್ಲಿ ಹುಡುಕಿ ಲೆಕ್ಕ ಹಾಕಬೇಕಾಗುತ್ತದೆ. ಓದುಬರಹ ಕಲಿತ ನಮ್ಮ ಹುಡುಗಿಯರು ನೆರೆಮನೆಯವರಿಗೆ ಇದನ್ನು ಓದಿ ಹೇಳುವುದು ಸಣ್ಣ ಉಪಕಾರವೇನೂ ಅಲ್ಲ. ಅಂಕೆಯು ಅಳಿಸಿದ್ದರೆ, ಅಥವಾ ಒಂದರ ಮೇಲೊಂದು ಚೀಟಿ ಅಂಟಿಸಿದ್ದರೆ, ಆ ಪೊಟ್ಟಣವನ್ನು ಅಂಗಡಿಯಲ್ಲಿಯೇ ಬಿಟ್ಟು ಬರತಕ್ಕದ್ದು. ಅವಧಿ ಮುಗಿದ ಮಾಲಿಗೆ ಹೊಸ ತಾರೀಖು ಹಾಕಿ ಮಾರುವ ಮೋಸವನ್ನು ತಡೆಯುವ ಸಲುವಾಗಿಯೇ, ಅಂಥ ಮಾಲಿನ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಒಪ್ಪಿಸಬೇಕೆಂದು ಸರಕಾರದ ಆಹಾರ ಪ್ರಾಧಿಕಾರವು ತಯಾರಕರಿಗೆ ೨೦೨೪ರ ಡಿಸೆಂಬರಿನಲ್ಲಿ ಆಜ್ಞಾಪಿಸಿತು.

ಆದರೆ ಮುಖ್ಯವಾದ ಮಾತು ಇನ್ನೂ ಉಳಿದಿದೆ. ತಾರೀಖು ಸಾಕ್ಷಿ ಹೇಳುವುದು ಮುಚ್ಚಿದ ಪೊಟ್ಟಣಕ್ಕೆ ಮಾತ್ರ. ಅದೂ ಹೇಳಿದ ರೀತಿಯಲ್ಲಿ ಇಟ್ಟಿದ್ದರೆ. ಹಾಲಿನ ಪೊಟ್ಟಣವನ್ನು ತೆಗೆದುಕೊಳ್ಳಿರಿ. ಹಾಲನ್ನು ೭೨ ಡಿಗ್ರಿಯಲ್ಲಿ ೧೫ ಸೆಕೆಂಡು ಕಾಯಿಸಿ ತಣ್ಣಗೆ ಮಾಡಿ ಕಟ್ಟುತ್ತಾರೆ. ಇದರಿಂದ ರೋಗಕಾರಕ ಜೀವಿಗಳು ಸಾಯುತ್ತವೆ. ಹಾಲನ್ನು ಕೆಡಿಸುವ ಜೀವಿಗಳು ಪೂರ್ತಿಯಾಗಿ ಸಾಯುವುದಿಲ್ಲ, ತಂಪಿನಲ್ಲಿ ಮಂದವಾಗಿರುತ್ತವೆ ಅಷ್ಟೆ. ಅಂಗಡಿಯ ಫ್ರಿಜ್ಜು ರಾತ್ರಿಯೆಲ್ಲಾ ವಿದ್ಯುತ್ತಿಲ್ಲದೆ ನಿಂತಿದ್ದರೆ, ಇಲ್ಲವೆ ನಮ್ಮ ಸೀಮೆಯ ಬೇಸಿಗೆಯ ಬಿಸಿಲಿನಲ್ಲಿ ಹಾಲು ಒಂದು ತಾಸು ಚೀಲದಲ್ಲಿ ಪ್ರಯಾಣ ಮಾಡಿದ್ದರೆ, ಮೇಲಣ ತಾರೀಖು ನಾಳೆಯದಾದರೂ ಅದಕ್ಕೆ ಬೆಲೆಯಿಲ್ಲ. ಕೂಸಿನ ಹಾಲಿನ ಪುಡಿಯೂ ಹೀಗೆಯೇ. ಡಬ್ಬಿಯನ್ನು ತೆರೆದ ದಿನದಿಂದ ಹೊಸ ಗಡುವು ಪ್ರಾರಂಭವಾಗುತ್ತದೆ. ಅದು ಸಾಮಾನ್ಯವಾಗಿ ಒಂದು ತಿಂಗಳನ್ನು ಮೀರುವುದಿಲ್ಲ, ಡಬ್ಬಿಯ ಮೇಲೆಯೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಆ ಪುಡಿಯು ಪೂರ್ಣವಾಗಿ ಕ್ರಿಮಿರಹಿತವಾದದ್ದಲ್ಲ. ಆದಕಾರಣ ಕುದಿಸಿದ ನೀರು ೭೦ ಡಿಗ್ರಿಗಿಂತ ಕಡಿಮೆಯಾಗುವುದರೊಳಗೆ ಅದರಲ್ಲಿ ಪುಡಿಯನ್ನು ಕಲಸಿ, ಆರಿಸಿ, ಕೂಡಲೇ ಕುಡಿಸತಕ್ಕದ್ದು. ಎರಡು ತಾಸು ಮೀರಿದರೆ ಚೆಲ್ಲತಕ್ಕದ್ದು.

ಇನ್ನು ಅತ್ತೆಯವರ ಮೂಗಿನ ವಿಷಯ. ಮೂಗನ್ನು ನಾವು ಹೀಗಳೆಯುವುದಿಲ್ಲ. ಕಮಟಿದ ಎಣ್ಣೆಯನ್ನೂ ಹುಳಿತ ಹಿಟ್ಟನ್ನೂ ಅದು ಯಾವ ಮುದ್ರೆಗಿಂತಲೂ ಚೆನ್ನಾಗಿ ಕಂಡುಹಿಡಿಯುತ್ತದೆ. ಆದರೆ ಆಹಾರವನ್ನು ನಾರುವಂತೆ ಮಾಡುವ ಜೀವಿಗಳು ಬೇರೆ, ಮನುಷ್ಯನನ್ನು ಮಲಗಿಸುವ ಜೀವಿಗಳು ಬೇರೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳಿರುವುದುಂಟು. ಕುದಿಯುವ ನೀರಿನಲ್ಲಿಯೂ ಅವು ಸಾಯದೆ ಉಳಿದು, ಅನ್ನವು ಉಗುರುಬೆಚ್ಚಗೆ ಇದ್ದಷ್ಟು ಹೊತ್ತೂ ಬೆಳೆದು ವಿಷವನ್ನು ಕಕ್ಕುತ್ತವೆ. ವಾಂತಿ ಬರಿಸುವ ಆ ವಿಷವು ತಿರುಗಿ ಬಿಸಿ ಮಾಡಿದರೂ ಹೋಗದು. ಅನ್ನದ ವಾಸನೆಯೂ ಬದಲಾಗದು. ಆದುದರಿಂದ ಬೇಯಿಸಿದ ಆಹಾರವನ್ನು ೬೦ ಡಿಗ್ರಿಗೆ ಮೇಲೆ ಬಿಸಿಯಾಗಿ ಇಡಬೇಕು, ಅಥವಾ ೫ ಡಿಗ್ರಿಗೆ ಕೆಳಗೆ ತಣ್ಣಗೆ ಇಡಬೇಕು. ಎರಡೂ ಸಾಗದ ಮನೆಯಲ್ಲಿ ಒಂದು ಹೊತ್ತಿಗೆ ಬೇಕಾದಷ್ಟನ್ನೇ ಬೇಯಿಸಬೇಕು. ನಮ್ಮ ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿಗಳು ಫ್ರಿಜ್ಜಿಲ್ಲದೆ ಬಹುದಿನ ಬಾಳುವುದಾದರೂ ಏತರಿಂದ? ನೀರನ್ನು ತೆಗೆದುದರಿಂದ, ಇಲ್ಲವೆ ಉಪ್ಪು, ಹುಳಿ, ಎಣ್ಣೆಗಳ ಕಾವಲಿನಿಂದ. ಅನ್ನಕ್ಕೆ ಈ ಕಾವಲಿಲ್ಲ.

ತಾರೀಖೇ ಇಲ್ಲದೆ ವರ್ಷವೆಲ್ಲಾ ಮನೆಯಲ್ಲಿರುವ ಜೋಳ ಶೇಂಗಾಗಳ ವಿಷಯವನ್ನು ಹೇಳದೆ ಬಿಟ್ಟರೆ ಈ ಲೇಖನವು ಅರ್ಧವಾದೀತು. ೧೯೯೫ನೆಯ ಇಸವಿಯಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ, ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳವನ್ನೂ ಮೆಕ್ಕೆಜೋಳವನ್ನೂ ಉಂಡ ಜನರಿಗೆ ಹೊಟ್ಟೆನೋವು, ಗುಡುಗುಡು, ಭೇದಿಗಳು ಉಂಟಾದವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಪಂಡಿತರು ಪರೀಕ್ಷಿಸಲಾಗಿ, ಬೂಷ್ಟಿನಿಂದ ಹುಟ್ಟಿದ ಫ್ಯೂಮೊನಿಸಿನ್ ಎಂಬ ವಿಷವು ಆ ಕಾಳುಗಳಲ್ಲಿ ಕಂಡುಬಂದಿತು. ಆ ಕಾಳನ್ನು ಉಣ್ಣುವುದನ್ನು ಬಿಟ್ಟ ಕೂಡಲೇ ಜನರು ಗುಣಮುಖರಾದರು. ತೊಯ್ದ ಜೋಳವನ್ನು ಯಾರೂ ಆಸೆಯಿಂದ ಉಣ್ಣುವುದಿಲ್ಲ. ಬೇರೆ ಕಾಳು ಮನೆಯಲ್ಲಿ ಇಲ್ಲದವರು ಉಣ್ಣುತ್ತಾರೆ ಎಂಬುದನ್ನು ನಾವು ಮರೆಯಬಾರದು. ಶೇಂಗಾದಲ್ಲಿ ಬೆಳೆಯುವ ಇನ್ನೊಂದು ಬೂಷ್ಟು ಆಫ್ಲಾಟಾಕ್ಸಿನ್ ಎಂಬ ವಿಷವನ್ನು ಹುಟ್ಟಿಸಿ, ಕಾಲಕ್ರಮದಲ್ಲಿ ಯಕೃತ್ತನ್ನು ಕೆಡಿಸುತ್ತದೆ. ಹುರಿದರೂ ಅದು ಪೂರ್ತಿ ನಾಶವಾಗದು. ಮುದುಡಿದ, ಬಣ್ಣಗೆಟ್ಟ, ಕಹಿಯಾದ ಬೀಜವನ್ನು ಹಿಂಡಿಗೆ ಕುಟ್ಟಬಾರದು. ಎಮ್ಮೆಗಾದರೂ ಆಗಲಿ ಎಂದು ಹಾಕಲೂ ಬಾರದು, ಯಾಕಂದರೆ ಆ ವಿಷವು ಹಾಲಿನಲ್ಲಿ ಇಳಿದು ತಿರುಗಿ ಮಕ್ಕಳ ಬಟ್ಟಲಿಗೇ ಬರುತ್ತದೆ. ಕಾಳನ್ನು ಹಲ್ಲಿಗೆ ಕಟ್ಟೆನ್ನುವಷ್ಟು ಒಣಗಿಸಿ, ನೆಲಕ್ಕೂ ಗೋಡೆಗೂ ತಾಕದಂತೆ ಚೀಲವನ್ನು ಹಲಗೆಯ ಮೇಲಿಡುವ ಹಿರಿಯರ ಪದ್ಧತಿಯು ಇಲ್ಲಿ ಎಲ್ಲ ತಾರೀಖುಗಳಿಗಿಂತ ಮೇಲಾದದ್ದು.

ಆ ದಿನ ಮೋರಖಂಡಿಯಲ್ಲಿ ನಾವು ಇಷ್ಟೆಲ್ಲಾ ಹೇಳಿ ಮುಗಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಅನ್ನವನ್ನು ಚೆಲ್ಲುವಾಗ ಅತ್ತೆಯವರ ಮುಖವು ಸಣ್ಣದಾಯಿತು. ಡಬ್ಬಿಯನ್ನು ಚೆಲ್ಲುವಾಗ ಅದರ ಬೆಲೆಯನ್ನು ನೆನೆದು ಇಬ್ಬರೂ ಮಾತನಾಡಲಿಲ್ಲ. ಹೊಸ ಡಬ್ಬಿಯನ್ನು ತಂದ ದಿನವೇ ತೆರೆದ ತಾರೀಖನ್ನು ಚೀಟಿಯಲ್ಲಿ ಬರೆದು ಅಂಟಿಸುವೆನೆಂದು ಸೊಸೆಯು ಹೇಳಿದಳು. ಬಳಿಕ ಅತ್ತೆಯವರು ಶಾವಿಗೆಯನ್ನು ಮೊರದಲ್ಲಿ ಹರವಿ, ದೀಪದ ಬೆಳಕಿನಲ್ಲಿ ಹುಳುವನ್ನು ಹುಡುಕಿ, ಒಂದು ಎಳೆಯನ್ನು ಮುರಿದು ಮೂಸಿ ನೋಡಿ, ಪಾಯಸಕ್ಕೆ ಇಟ್ಟರು. ನಾವೂ ಉಂಡು ಬಂದೆವು.